ಊರು ನದಿಯ ‘ಮೇಲೆ’ ಇರುತ್ತದೆಯೇ? ನದಿ, ಕೆರೆ, ಕಾಲುವೆಗಳ ಹೆಸರಿನ ಹಿಂದೆ ಇಂಗ್ಲಿಷಿನ ಇನ್, ಆನ್, ಆ್ಯಟ್

ಪಿನಾಕಿನಿ ಮೇಷ್ಟ್ರು (ಗೌರಿಬಿದನೂರು):
ನಮ್ಮ ಪ್ರೌಢಶಾಲೆಯ ಹಜಾರದಲ್ಲಿ ಚಿಕ್ಕಬಳ್ಳಾಪುರ, ಕೋಲಾರ ಮತ್ತು ತುಮಕೂರು ಜಿಲ್ಲೆಗಳ ನದಿ, ಕೆರೆಗಳ ಬಗ್ಗೆ ಎರಡೂ ಭಾಷೆಗಳಲ್ಲಿ ಗೋಡೆಫಲಕಗಳನ್ನು ಬರೆಸುತ್ತಿದ್ದೇವೆ. ಕನ್ನಡದ ಬರಹ ಯಾವ ತಕರಾರೂ ಇಲ್ಲದೆ ಮುಗಿಯಿತು. ಇಂಗ್ಲಿಷ್ ಬರಹ ಮಾತ್ರ ಮೊದಲ ವಾಕ್ಯದಲ್ಲೇ ಮುಗ್ಗರಿಸಿ ನಿಂತಿದೆ. ‘ಗೌರಿಬಿದನೂರು ಉತ್ತರ ಪಿನಾಕಿನಿಯ ದಡದಲ್ಲಿದೆ’ ಎನ್ನುವುದನ್ನು ಹತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ‘ಇನ್ ದ ಉತ್ತರ ಪಿನಾಕಿನಿ’ ಎಂದು ಬರೆದಳು. ಗಣಿತದ ಮೇಷ್ಟ್ರು ಅದನ್ನು ‘ಆ್ಯಟ್’ ಎಂದು ತಿದ್ದಿದರು. ನಾನು ‘ಆನ್’ ಎಂದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರೊಬ್ಬರು, ‘ಊರೇನು ನದಿಯ ಮೇಲೆ ತೇಲುತ್ತಿದೆಯೇ ಸ್ವಾಮಿ?’ ಎಂದು ಕೇಳಿದಾಗ ಎಲ್ಲರೂ ನಕ್ಕರೇ ಹೊರತು ನನ್ನ ಪರವಾಗಿ ಯಾರೂ ಮಾತನಾಡಲಿಲ್ಲ.

ಬಣ್ಣದವರು ಬರುವುದರೊಳಗೆ ತೀರ್ಮಾನವಾಗಬೇಕು. ಊರು ಒಂದೇ ಅಲ್ಲ, ಅಣೆಕಟ್ಟು, ಸೇತುವೆ, ನದಿಯ ಹುಟ್ಟು, ಸಂಗಮ, ಕೆರೆ ಇವೆಲ್ಲವೂ ಫಲಕಗಳಲ್ಲಿ ಬರುತ್ತವೆ. ಪ್ರತಿಯೊಂದಕ್ಕೂ ಬೇರೆ ಬೇರೆ ಪದ ಬೇಕೇ, ಅಥವಾ ಒಂದೇ ನಿಯಮವಿದೆಯೇ ಎಂದು ತಿಳಿದವರು ಹೇಳಬೇಕಾಗಿ ವಿನಂತಿ.

ಮಧುಗಿರಿ ಓದುಗ:
ನೀವು ಹೇಳಿದ್ದೇ ಸರಿ ಮೇಷ್ಟ್ರೇ, ‘ಆನ್’ ಎಂದೇ ಬರೆಸಿ. ಲಂಡನ್ ಥೇಮ್ಸ್ ನದಿಯ ಮೇಲಿನ ಊರು ಎನ್ನುವುದಕ್ಕೆ ಅವರು ಹೇಳುವುದೂ ‘ಆನ್ ದ ಥೇಮ್ಸ್’ ಎಂದೇ. ಇಂಗ್ಲೆಂಡಿನಲ್ಲಿ ಊರಿನ ಹೆಸರಿಗೇ ಇದನ್ನು ಅಂಟಿಸಿಕೊಂಡವರಿದ್ದಾರೆ. ಹೆನ್ಲಿ ಆನ್ ಥೇಮ್ಸ್, ನ್ಯೂಕಾಸಲ್ ಅಪಾನ್ ಟೈನ್, ಸ್ಟ್ರ್ಯಾಟ್‌ಫರ್ಡ್ ಅಪಾನ್ ಏವನ್ ಇವೆಲ್ಲ ಅಂಥವೇ.

ಬೇತಮಂಗಲದ ಬಾಬು:
ಅವರ ನದಿಗಳಲ್ಲಿ ನೀರಿದೆ, ಹಾಗಾಗಿ ಮೇಲೆ ಕೂರಬಹುದು. ನಮ್ಮ ಪಾಲಾರ್ ನದಿಯ ‘ಮೇಲೆ’ ಏನಿದೆ ಎಂದು ಬರೆಯುವುದು?

ಇಂಗ್ಲಿಷ್ ಮೇಡಂ (ಚಿಂತಾಮಣಿ):
ತಕರಾರಿನ ಮೂಲ ನದಿಯಲ್ಲಿಲ್ಲ, ನಾವು ಮೂರನೇ ತರಗತಿಯಲ್ಲಿ ಕಲಿಸುವ ಮೇಜು ಮತ್ತು ಪುಸ್ತಕದಲ್ಲಿದೆ. ‘ಪುಸ್ತಕ ಮೇಜಿನ ಮೇಲಿದೆ’ ಎನ್ನುವುದಕ್ಕೆ ‘ಆನ್ ದ ಟೇಬಲ್’ ಎಂದು ಕಲಿಸಿದ ದಿನದಿಂದ ಮಕ್ಕಳ ತಲೆಯಲ್ಲಿ ಆನ್ ಎಂದರೆ ಮೇಲೆ ಎಂದು ಅಚ್ಚಾಗಿಬಿಡುತ್ತದೆ. ಆ ಪದಕ್ಕೆ ಇನ್ನೊಂದು ಕೆಲಸವೂ ಉಂಟು. ಉದ್ದಕ್ಕೆ ಸಾಗುವ ಗೆರೆಯೊಂದಕ್ಕೆ ತಾಗಿಕೊಂಡಿರುವ ಯಾವುದನ್ನೂ ಇಂಗ್ಲಿಷ್ ಆನ್ ಎನ್ನುತ್ತದೆ. ಸಿರಾ ಊರು 48ನೇ ರಾಷ್ಟ್ರೀಯ ಹೆದ್ದಾರಿಯ ಆನ್, ಮುಳಬಾಗಿಲು 75ನೇ ಹೆದ್ದಾರಿಯ ಆನ್. ಹಾಗೆಂದು ಸಿರಾ ಪಟ್ಟಣವು ಡಾಂಬರಿನ ಮೇಲೆ ಕುಳಿತಿದೆಯೆಂದು ನಿಮ್ಮ ಎಸ್‌ಡಿಎಂಸಿ ಸದಸ್ಯರು ಕೂಡ ಹೇಳಲಾರರು. ಬಾಗೇಪಲ್ಲಿ ರಾಜ್ಯದ ಗಡಿಯಲ್ಲಿದೆ ಎನ್ನುವಾಗಲೂ ‘ಆನ್ ದ ಬಾರ್ಡರ್’, ಮಂಗಳೂರು ಕರಾವಳಿಯಲ್ಲಿದೆ ಎನ್ನುವಾಗಲೂ ‘ಆನ್ ದ ಕೋಸ್ಟ್’. ಊರಿನ ಮಟ್ಟಿಗೆ ನದಿಯೂ ಅಂಥದ್ದೇ ಒಂದು ಗೆರೆ.

ಇನ್ನು ವಿದ್ಯಾರ್ಥಿನಿಯ ‘ಇನ್’ ಎಲ್ಲಿಂದ ಬಂತು ಎಂಬುದೂ ಸ್ಪಷ್ಟವಿದೆ. ಕನ್ನಡದ ಸಪ್ತಮಿ ವಿಭಕ್ತಿಯ ‘ಅಲ್ಲಿ’ ಒಂದೇ ಪ್ರತ್ಯಯವಾಗಿ ಮನೆಯಲ್ಲಿ, ದಡದಲ್ಲಿ, ನಿಲ್ದಾಣದಲ್ಲಿ, ಗಡಿಯಲ್ಲಿ ಎಂದು ಎಲ್ಲ ಕೆಲಸವನ್ನೂ ಮಾಡುತ್ತದೆ. ಇಂಗ್ಲಿಷಿನವರು ಅದೇ ಕೆಲಸವನ್ನು ಮೂವರಿಗೆ ಹಂಚಿದ್ದಾರೆ. ನೀರನ್ನು ಒಳಗೆ ಮುಳುಗಬಹುದಾದ ವಸ್ತುವೆಂದು ನೋಡಿದರೆ ಇನ್. ಮೀನು, ಈಜುವ ಹುಡುಗ, ನೀರಿಗೆ ಇಳಿದ ಎಮ್ಮೆ, ಕಾರ್ಖಾನೆಯಿಂದ ಬಂದ ಕೊಳಕು ಇವೆಲ್ಲ ನದಿಯ ಇನ್. ಮೇಲ್ಮೈಯೆಂದು ನೋಡಿದರೆ ಆನ್: ದೋಣಿ, ತೆಪ್ಪ, ತೇಲುವ ಎಲೆ. ಉದ್ದದ ಗೆರೆಯೆಂದು ನೋಡಿದರೂ ಆನ್: ಊರು, ಮನೆ, ಕಾರ್ಖಾನೆ. ನಕ್ಷೆಯ ಮೇಲೆ ಬೆರಳಿಟ್ಟು ತೋರಿಸುವ ಒಂದು ಬಿಂದುವೆಂದು ನೋಡಿದರೆ ಆ್ಯಟ್. ನದಿಯ ಹೆಸರನ್ನು ನೋಡಿ ಪದ ಹುಡುಕಲು ಹೊರಟರೆ ಸಿಗುವುದಿಲ್ಲ. ಆ ವಾಕ್ಯದಲ್ಲಿ ನದಿ ಏನಾಗಿ ನಿಂತಿದೆ ಎಂಬುದನ್ನು ನೋಡಬೇಕು.

ಗಣಿತ ಮೇಷ್ಟ್ರಿಗೂ ಸ್ವಲ್ಪ ನ್ಯಾಯ ಸಲ್ಲಿಸೋಣ. ಅವರ ‘ಆ್ಯಟ್’ ಊರಿನ ಹೆಸರಿನ ಹಿಂದೆ ಚೆನ್ನಾಗಿ ಕೂರುತ್ತದೆ. ‘ನೆಲ್ಲೂರಿನ ಬಳಿ ಪೆನ್ನಾರ್ ನದಿಯ ಮಟ್ಟ’ ಎನ್ನಬೇಕಾದರೆ ‘ದ ಪೆನ್ನಾರ್ ಆ್ಯಟ್ ನೆಲ್ಲೂರು’ ಎಂಬುದೇ ಸರಿ. ಊರು ನದಿಗೆ ಆನ್, ನದಿ ಊರಿನ ಬಳಿ ಆ್ಯಟ್.

ಸಿರಾ ಸ್ಪರ್ಧಾರ್ಥಿ:
ಮೇಡಂ, ಹಾಗಾದರೆ ಊರು ಎಂದಿಗೂ ನದಿಯ ‘ಇನ್’ ಆಗುವುದಿಲ್ಲವೇ? ಪರೀಕ್ಷೆಯಲ್ಲಿ ಆಯ್ಕೆ ಕೊಟ್ಟರೆ ಕಣ್ಣು ಮುಚ್ಚಿ ಆನ್ ಎಂದು ಗುರುತು ಹಾಕಬಹುದೇ?

ಮಧುಗಿರಿ ಓದುಗ:
ಕಣ್ಣು ತೆರೆದೇ ಹಾಕಿ. ಶ್ರೀರಂಗಪಟ್ಟಣ ಇದೆಯಲ್ಲ! ಕಾವೇರಿ ಕವಲೊಡೆದು ಮತ್ತೆ ಕೂಡುವ ನಡುವಿನ ದ್ವೀಪದಲ್ಲಿ ಆ ಊರಿದೆ. ದ್ವೀಪವು ನೀರಿನ ನಡುವೆ ಇರುವುದರಿಂದ ಅದು ‘ಇನ್ ದ ಕಾವೇರಿ’, ಊರು ದ್ವೀಪದ ನೆಲದ ಮೇಲಿರುವುದರಿಂದ ‘ಆನ್ ಆ್ಯನ್ ಐಲೆಂಡ್’. ಒಂದೇ ವಾಕ್ಯದಲ್ಲಿ ಎರಡೂ ಬರುತ್ತವೆ. ಗೌರಿಬಿದನೂರಿಗೆ ‘ಇನ್’ ಹಾಕಿದರೆ ನಮ್ಮ ಬಯಲುಸೀಮೆಯ ಊರನ್ನು ದ್ವೀಪ ಮಾಡಿದಂತಾಗುತ್ತದೆ. ಆ ಭಾಗ್ಯ ಸದ್ಯಕ್ಕಂತೂ ಕಾಣುತ್ತಿಲ್ಲ.

ನಿವೃತ್ತ ಇಂಜಿನಿಯರ್ (ಕುಣಿಗಲ್):
ನೀರಾವರಿ ಇಲಾಖೆಯ ಕಡತಗಳಲ್ಲೇ ಆಯುಷ್ಯ ಕಳೆದವನು ನಾನು, ಅಣೆಕಟ್ಟಿನ ಮಾತನ್ನು ನನಗೆ ಬಿಡಿ. ಮಾರ್ಕೋನಹಳ್ಳಿ ಅಣೆಕಟ್ಟು ಶಿಂಷಾ ನದಿಗೆ ಅಡ್ಡಲಾಗಿದೆ. ಕನ್ನಡದಲ್ಲಿ ನಾವು ‘ಅಡ್ಡಲಾಗಿ’ ಎನ್ನುವುದನ್ನು ಇಂಗ್ಲಿಷಿನಲ್ಲಿ ‘ಅಕ್ರಾಸ್’ ಎಂದು ಬರೆಯುತ್ತೇವೆ. ಅಂದಾಜು ಪಟ್ಟಿಯಿಂದ ಹಿಡಿದು ಟೆಂಡರಿನವರೆಗೆ ಎಲ್ಲೆಡೆ ‘ಡ್ಯಾಮ್ ಅಕ್ರಾಸ್ ದ ಶಿಂಷಾ’ ಎಂದೇ ಇರುತ್ತದೆ. ಒಂದು ದಡದಿಂದ ಇನ್ನೊಂದು ದಡದವರೆಗೆ ನೀರನ್ನು ತಡೆದು ನಿಲ್ಲುವ ಕಟ್ಟಡ ಅದು. ‘ಓವರ್’ ಬರೆದರೆ ಕೆಳಗೆ ನೀರು ಹರಿಯಲು ದಾರಿ ಬಿಟ್ಟ ಸೇತುವೆಯಾಗುತ್ತದೆಯೇ ಹೊರತು ಅಣೆಕಟ್ಟಾಗುವುದಿಲ್ಲ. ಸೇತುವೆಗೆ ಮಾತ್ರ ಓವರ್, ಅಕ್ರಾಸ್ ಎರಡೂ ಸಲ್ಲುತ್ತವೆ.

ಅದೇ ಅಣೆಕಟ್ಟೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಜಲಾಶಯ ತುಂಬಿದಾಗ ನೀರು ತಾನಾಗಿಯೇ ಹೊರಬೀಳುವಂತೆ ಅಲ್ಲಿ ಸೈಫನ್‌ಗಳನ್ನು ಅಳವಡಿಸಿದ್ದಾರೆ. ಮಾರ್ಕೋನಹಳ್ಳಿಯ ಹೆಸರು ಹೇಳಿದರೆ ಇಂಜಿನಿಯರುಗಳಿಗೆ ಮೊದಲು ನೆನಪಾಗುವುದೇ ಅವು. ಸಾಮಾನ್ಯ ಕೋಡಿಯಲ್ಲಿ ನೀರು ಕಟ್ಟೆಯ ನೆತ್ತಿಯ ಮೇಲಿಂದ ಧುಮುಕುತ್ತದೆ, ಆದ್ದರಿಂದ ‘ಓವರ್ ದ ವಿಯರ್’. ಸೈಫನ್ನಿನಲ್ಲಿ ನೀರು ಕೊಳವೆಯಂಥ ಮಾರ್ಗದ ಒಳಗಿಂದ ಬರುತ್ತದೆ, ಆದ್ದರಿಂದ ‘ಥ್ರೂ ದ ಸೈಫನ್’. ತೂಬಿನಿಂದ ಗದ್ದೆಗೆ ಬಿಟ್ಟ ನೀರೂ ‘ಥ್ರೂ ದ ಸ್ಲೂಸ್’. ಈ ವ್ಯತ್ಯಾಸ ತಿಳಿಯದೆ ವರದಿ ಬರೆದರೆ, ಕೆರೆ ಕೋಡಿ ಬಿದ್ದಿತೋ ತೂಬು ಎತ್ತಿದರೋ ಎಂಬುದೇ ಮೇಲಧಿಕಾರಿಗೆ ಗೊತ್ತಾಗುವುದಿಲ್ಲ.

ಇಂಗ್ಲಿಷ್ ಮೇಡಂ (ಚಿಂತಾಮಣಿ):
ಇಂಜಿನಿಯರ್ ಸರ್, ಒಪ್ಪಿದೆ, ಆದರೆ ಪೂರ್ತಿಯಾಗಿ ಅಲ್ಲ. ‘ಡ್ಯಾಮ್ ಆನ್’ ಎನ್ನುವುದೂ ತಪ್ಪಲ್ಲ. ಅಮೆರಿಕದವರು ಹೂವರ್ ಅಣೆಕಟ್ಟನ್ನು ‘ಆನ್ ದ ಕೊಲರಾಡೊ’ ಎಂದು ಬರೆಯುವುದು ಸಾಮಾನ್ಯ. ಅಣೆಕಟ್ಟು ಆ ನದಿಗುಂಟ ಎಲ್ಲಿದೆ ಎಂದು ಹೇಳುವುದಷ್ಟೇ ಉದ್ದೇಶವಾದರೆ ಆನ್ ಸಾಕು. ನೀರನ್ನು ಅಡ್ಡಗಟ್ಟಿದ ಕ್ರಿಯೆಯನ್ನು ತೋರಿಸಬೇಕಾದರೆ ಅಕ್ರಾಸ್ ಬೇಕು.

ನಿವೃತ್ತ ಇಂಜಿನಿಯರ್ (ಕುಣಿಗಲ್):
ಅಮೆರಿಕದವರು ಏನು ಬೇಕಾದರೂ ಬರೆದುಕೊಳ್ಳಲಿ ಮೇಡಂ. ನಮ್ಮ ಇಲಾಖೆಯಲ್ಲಿ ಆನ್ ಎಂದು ಬರೆದಿದ್ದರೆ ಕಡತ ಹಿಂದಕ್ಕೆ ಬರುತ್ತಿತ್ತು.

ದುರ್ಗದ ತಪ್ಪಲು (ತುಮಕೂರು):
ನದಿಯ ಹುಟ್ಟಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಜಯಮಂಗಲಿಯೂ ಶಿಂಷಾವೂ ಹುಟ್ಟುತ್ತವೆ. ಒಂದು ಉತ್ತರಕ್ಕೆ ಹೋಗಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ, ಇನ್ನೊಂದು ದಕ್ಷಿಣಕ್ಕೆ ಹೋಗಿ ಕಾವೇರಿಯನ್ನು ಸೇರುತ್ತದೆ. ನಾಮದ ಚಿಲುಮೆಗೆ ಬರುವ ಪ್ರವಾಸಿಗರಿಗೆ ಇದನ್ನು ಹೇಳಿದರೆ ಬೆರಗಾಗುತ್ತಾರೆ. ಇಂಗ್ಲಿಷಿನಲ್ಲಿ ‘ಒರಿಜಿನೇಟ್ಸ್ ಫ್ರಮ್’ ಎಂದು ಬರೆದ ಫಲಕಗಳನ್ನು ಎಲ್ಲೆಡೆ ನೋಡಿದ್ದೇನೆ. ‘ಟೇಕ್ಸ್ ಬರ್ತ್’ ಎಂದು ಬರೆದವರೂ ಇದ್ದಾರೆ. ಯಾವುದನ್ನು ನಂಬಬೇಕು?

ಮಧುಗಿರಿ ಓದುಗ:
‘ಟೇಕ್ಸ್ ಬರ್ತ್’ ಎಂಬುದು ‘ಜನ್ಮ ತಾಳುತ್ತದೆ’ ಎನ್ನುವುದರ ನೇರ ಇಳಿಕೆ. ನದಿಗೆ ಅವರು ‘ರೈಸಸ್’ ಎನ್ನುತ್ತಾರೆ. ಬೆಟ್ಟಸಾಲಿನಂಥ ವಿಸ್ತಾರವಾದ ಜಾಗವಾದರೆ ‘ರೈಸಸ್ ಇನ್’, ಹಳ್ಳಿ ಅಥವಾ ಚಿಲುಮೆಯಂಥ ಒಂದು ಬಿಂದುವಾದರೆ ‘ರೈಸಸ್ ಆ್ಯಟ್’ ಅಥವಾ ‘ನಿಯರ್’. ಶಿಂಷಾ ‘ಇನ್ ದ ದೇವರಾಯನದುರ್ಗ ಹಿಲ್ಸ್’, ಪಾಲಾರ್ ‘ನಿಯರ್ ತಲಗವಾರ’. ಒರಿಜಿನೇಟ್ ಎನ್ನಲೇಬೇಕೆಂದರೆ ಅದಕ್ಕೂ ‘ಇನ್’ ಸಾಕು. ‘ಫ್ರಮ್’ ಎಂಬುದು ನಮ್ಮ ಪಂಚಮಿಯ ‘ಇಂದ’ ಮಾಡಿದ ಉಪಕಾರ.

ಪಿನಾಕಿನಿ ಮೇಷ್ಟ್ರು (ಗೌರಿಬಿದನೂರು):
ಬಹಳ ಉಪಯೋಗವಾಯಿತು. ಇನ್ನು ಸಂಗಮದ ಫಲಕ. ‘ದ ಜಯಮಂಗಲಿ ಜಾಯಿನ್ಸ್ ವಿತ್ ದ ಉತ್ತರ ಪಿನಾಕಿನಿ’ ಎಂದು ಬರೆದಿಟ್ಟಿದ್ದೇವೆ. ಇದರಲ್ಲೇನೂ ತೊಂದರೆ ಇಲ್ಲವಷ್ಟೇ?

ಇಂಗ್ಲಿಷ್ ಮೇಡಂ (ಚಿಂತಾಮಣಿ):
‘ವಿತ್’ ತೆಗೆದುಹಾಕಿ ಸರ್. ನದಿಯ ವಿಷಯದಲ್ಲಿ ನಾವು ಪದ ತಪ್ಪಾಗಿ ಆರಿಸುವುದಕ್ಕಿಂತ, ಬೇಡದ ಕಡೆ ತುರುಕುವುದೇ ಹೆಚ್ಚು. ಜಾಯಿನ್, ಕ್ರಾಸ್, ರೀಚ್, ಎಂಟರ್ ಈ ನಾಲ್ಕು ಕ್ರಿಯಾಪದಗಳು ನದಿಯ ಹೆಸರನ್ನು ನೇರವಾಗಿ ತೆಗೆದುಕೊಳ್ಳುತ್ತವೆ, ನಡುವೆ ಯಾವ ಮಧ್ಯವರ್ತಿಯೂ ಬೇಕಿಲ್ಲ. ಅರ್ಕಾವತಿ ಕಾವೇರಿಯನ್ನು ಸೇರುತ್ತದೆ ಎನ್ನಲು ‘ಜಾಯಿನ್ಸ್ ದ ಕಾವೇರಿ’ ಅಷ್ಟೇ. ಎಲ್ಲಿ ಎಂದು ಹೇಳುವಾಗ ಮಾತ್ರ ‘ಆ್ಯಟ್ ಸಂಗಮ’. ಕನ್ನಡದಲ್ಲಿ ‘ಕಾವೇರಿಯೊಂದಿಗೆ ಕೂಡುತ್ತದೆ’ ಎಂದು ಹೇಳುವ ರೂಢಿಯಿಂದ ಆ ‘ವಿತ್’ ನುಸುಳುತ್ತದೆ. ‘ಕ್ರಾಸ್ಡ್ ಓವರ್ ದ ರಿವರ್’ ಎನ್ನುವುದು ತಪ್ಪೇನಲ್ಲ, ಆದರೆ ಆ ಓವರ್ ಇಲ್ಲದಿದ್ದರೂ ವಾಕ್ಯಕ್ಕೆ ಕೊರತೆಯಿಲ್ಲ.

ಸಮುದ್ರಕ್ಕೆ ಬೀಳುವಾಗ ಮಾತ್ರ ಪದ ಬೇಕೇ ಬೇಕು, ಏಕೆಂದರೆ ಅಲ್ಲಿ ಕ್ರಿಯಾಪದ ‘ಫ್ಲೋ’ ಅಥವಾ ‘ಎಂಪ್ಟಿ’. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್ ಈ ಮೂರೂ ‘ಫ್ಲೋ ಇನ್‌ಟು ದ ಬೇ ಆಫ್ ಬೆಂಗಾಲ್’. ಬರೀ ‘ಇನ್’ ಎಂದು ಬರೆದರೆ ನದಿ ಕೊಲ್ಲಿಯ ಒಳಗೇ ಹರಿಯುತ್ತಿದೆ ಎಂದಾಗುತ್ತದೆ. ‘ಟು’ ಎಂದರೆ ಅಲ್ಲಿಯವರೆಗೆ ಹೋಗಿ ನಿಂತಂತೆ. ಹೊರಗಿನಿಂದ ಒಳಕ್ಕೆ ಹೋಯಿತು ಎನ್ನಲು ‘ಇನ್‌ಟು’ ಒಂದೇ ಪದ.

ಬೇತಮಂಗಲದ ಬಾಬು:
ಪಾಲಾರ್ ಕೊಲ್ಲಿಗೆ ಬೀಳುತ್ತದೆ ಎಂದು ಕೋಲಾರದವರ ಮುಂದೆ ಹೇಳುವ ನಿಮ್ಮ ಧೈರ್ಯವನ್ನು ಮೆಚ್ಚಬೇಕು ಮೇಡಂ. ನಮ್ಮಲ್ಲಿ ಅದು ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಬಿದ್ದರೇ ಹಬ್ಬ. ನನ್ನ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ವರ್ಷದಲ್ಲಿ ಬಹುಕಾಲ ನೀರೇ ಇಲ್ಲದ ನದಿಗೆ ಆನ್ ಹೇಗೆ, ಇನ್ ಹೇಗೆ? ನಾವು ಹುಡುಗರಾಗಿದ್ದಾಗ ಹೊಳೆಯೊಳಗೆ ಕ್ರಿಕೆಟ್ ಆಡುತ್ತಿದ್ದೆವು. ಅದನ್ನು ‘ಇನ್ ದ ರಿವರ್’ ಎಂದು ಇಂಗ್ಲೆಂಡಿನವನಿಗೆ ಹೇಳಿದರೆ, ಮೊಣಕಾಲುದ್ದ ನೀರಿನಲ್ಲಿ ನಿಂತು ಬ್ಯಾಟು ಬೀಸುತ್ತಿದ್ದೆವೆಂದು ತಿಳಿದಾನು.

ಮಧುಗಿರಿ ಓದುಗ:
ಇದು ಮಾತ್ರ ನ್ಯಾಯವಾದ ಪ್ರಶ್ನೆ. ಊರಿನ ಮಟ್ಟಿಗೆ ನೀರು ಇದ್ದರೂ ಬತ್ತಿದರೂ ಆನ್ ಬದಲಾಗುವುದಿಲ್ಲ, ಏಕೆಂದರೆ ಗೆರೆ ಅಲ್ಲೇ ಇರುತ್ತದೆ. ನಕ್ಷೆ ಬರೆಯುವವನು ಬೇಸಿಗೆಯಲ್ಲಿ ಉತ್ತರ ಪಿನಾಕಿನಿಯನ್ನು ಅಳಿಸಿಹಾಕುವುದಿಲ್ಲವಲ್ಲ. ನಿಮ್ಮ ಕ್ರಿಕೆಟ್ಟಿಗೆ ‘ರಿವರ್‌ಬೆಡ್’ ಎಂಬ ಪದವನ್ನು ಸೇರಿಸಲೇಬೇಕು. ಮರಳಿನ ಮೇಲ್ಮೈಯ ಮೇಲೆ ಆಡಿದಿರಿ ಎಂದರೆ ‘ಆನ್ ದ ರಿವರ್‌ಬೆಡ್’. ಎರಡು ದಡಗಳ ನಡುವಿನ ತಗ್ಗಿನಲ್ಲಿ ಆಡಿದಿರಿ ಎಂದರೆ ‘ಇನ್ ದ ರಿವರ್‌ಬೆಡ್’. ಎರಡೂ ನಡೆಯುತ್ತದೆ. ಮರಳು ತೋಡುವವರ ವಿಷಯಕ್ಕಾದರೆ ‘ಫ್ರಮ್’ ಎನ್ನಿ, ಅವರು ಅಲ್ಲಿ ಏನನ್ನೂ ಉಳಿಸುವುದಿಲ್ಲ.

ಸಿರಾ ಸ್ಪರ್ಧಾರ್ಥಿ:
ನಾನು ಸೇರಿರುವ ತರಬೇತಿ ಕೇಂದ್ರವೊಂದರ ಮಾದರಿ ಪ್ರಶ್ನೆಪತ್ರಿಕೆಯಲ್ಲಿ ‘ದ ಬೋಟ್ ಸೇಲ್ಡ್ ... ದ ರಿವರ್’ ಎಂದು ಖಾಲಿ ಬಿಟ್ಟು, ಆನ್, ಅಕ್ರಾಸ್, ಡೌನ್, ಇನ್ ಎಂದು ನಾಲ್ಕು ಆಯ್ಕೆ ಕೊಟ್ಟಿದ್ದರು. ಕೀ ಉತ್ತರದಲ್ಲಿ ಅಕ್ರಾಸ್ ಇತ್ತು. ನಾನು ಡೌನ್ ಎಂದು ಬರೆದು ಅಂಕ ಕಳೆದುಕೊಂಡೆ. ಕಾರಣ ಕೇಳಿದರೆ, ‘ದೋಣಿ ಇರುವುದೇ ದಾಟುವುದಕ್ಕೆ’ ಎಂಬ ಉತ್ತರ ಬಂತು.

ಇಂಗ್ಲಿಷ್ ಮೇಡಂ (ಚಿಂತಾಮಣಿ):
ಆ ಪ್ರಶ್ನೆಯೇ ಸರಿಯಿಲ್ಲಪ್ಪ. ಆಚೆ ದಡಕ್ಕೆ ಹೋದರೆ ಅಕ್ರಾಸ್, ಹರಿವಿನ ದಿಕ್ಕಿನಲ್ಲಿ ಹೋದರೆ ಡೌನ್, ಹರಿವಿಗೆ ಎದುರಾಗಿ ಹೋದರೆ ಅಪ್, ದಿಕ್ಕನ್ನು ಹೇಳದೆ ಉದ್ದಕ್ಕೂ ಸಾಗಿದರೆ ಅಲಾಂಗ್, ಸುಮ್ಮನೆ ತೇಲಾಡಿದರೆ ಆನ್. ವಾಕ್ಯದಲ್ಲಿ ‘ಆಚೆ ದಡದ ಹಳ್ಳಿಗೆ’ ಎಂದೋ ‘ಸಮುದ್ರದವರೆಗೆ’ ಎಂದೋ ಇನ್ನೊಂದು ಸುಳಿವು ಇಲ್ಲದೆ ಒಂದೇ ಉತ್ತರವನ್ನು ಸರಿಯೆನ್ನುವುದು ಅನ್ಯಾಯ. ನಾಲ್ಕರಲ್ಲಿ ನಿಜವಾಗಿ ಒರಟಾಗಿ ಕೇಳಿಸುವುದು ‘ಇನ್’ ಮಾತ್ರ. ನಿಜವಾದ ಪರೀಕ್ಷೆಯಲ್ಲಿ ಇಂಥದ್ದು ಬಂದರೆ ಕೀ ಉತ್ತರಕ್ಕೆ ಆಕ್ಷೇಪಣೆ ಸಲ್ಲಿಸಲು ಕಾಲಾವಕಾಶ ಕೊಡುತ್ತಾರೆ, ಅದನ್ನು ಬಿಡಬೇಡ.

ನಿವೃತ್ತ ಇಂಜಿನಿಯರ್ (ಕುಣಿಗಲ್):
ಅಪ್ ಮತ್ತು ಡೌನ್ ಬಂದದ್ದರಿಂದ ಒಂದು ಮಾತು. ಎಡದಂಡೆ, ಬಲದಂಡೆ ಎಂಬುದನ್ನು ಹರಿವಿನ ದಿಕ್ಕಿಗೆ ಮುಖಮಾಡಿ ನಿಂತು ನಿರ್ಧರಿಸಬೇಕು. ಗೊರೂರಿನ ಹೇಮಾವತಿ ಜಲಾಶಯದ ಎಡದಂಡೆ ನಾಲೆಯ ನೀರೇ ತುಮಕೂರಿಗೆ ಬರುವುದು. ಫಲಕದಲ್ಲಿ ‘ಆನ್ ದ ಲೆಫ್ಟ್ ಬ್ಯಾಂಕ್’ ಎಂದು ಬರೆಯುವ ಮೊದಲು ಯಾರು ಎತ್ತ ಮುಖಮಾಡಿ ನಿಂತಿದ್ದಾರೆಂದು ನೋಡಿಕೊಳ್ಳಿ. ಬ್ಯಾಂಕ್ ಎಂಬ ಪದ ಬಂದಾಗ ಅದರ ಹಿಂದೆ ಬೇರೆ ಯೋಚನೆಯೇ ಬೇಡ, ಯಾವಾಗಲೂ ಆನ್. ‘ಇನ್ ದ ಬ್ಯಾಂಕ್’ ಎಂದು ಬರೆದರೆ ಊರನ್ನು ಠೇವಣಿ ಇಟ್ಟಂತಾಗುತ್ತದೆ.

ಹಡಗಿನ ತಿಪಟೂರಿಗ:
ಹಡಗಿನ ಇಂಜಿನ್ ಕೋಣೆಯಲ್ಲಿ ದುಡಿಯುವವನು ನಾನು, ಆದ್ದರಿಂದ ಕಾಲುವೆ ಮತ್ತು ಜಲಸಂಧಿಗಳ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಸೂಯೆಜ್ ಕಾಲುವೆ 1869ರಲ್ಲಿ, ಪನಾಮಾ ಕಾಲುವೆ 1914ರಲ್ಲಿ ಸಂಚಾರಕ್ಕೆ ತೆರೆದುಕೊಂಡವು. ಈ ಎರಡನ್ನೂ ಹಡಗಿನವರು ಬಾಗಿಲಿನಂತೆ ನೋಡುತ್ತಾರೆ. ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬರುವುದರಿಂದ ‘ಥ್ರೂ ದ ಸೂಯೆಜ್ ಕೆನಾಲ್’ ಎನ್ನುತ್ತಾರೆ. ‘ಅಕ್ರಾಸ್’ ಎಂದರೆ ಈ ದಡದಿಂದ ಆ ದಡಕ್ಕೆ ದಾಟುವ ತೆಪ್ಪದ ಕೆಲಸವಾಗುತ್ತದೆ. ‘ಟ್ರಾನ್ಸಿಟ್’ ಎಂಬ ಕ್ರಿಯಾಪದವನ್ನು ಬಳಸಿದರೆ ಮೇಡಂ ಹೇಳಿದ ನಾಲ್ಕರ ಸಾಲಿಗೇ ಅದೂ ಸೇರುತ್ತದೆ, ಹಿಂದೆ ಮುಂದೆ ಏನೂ ಬೇಡ. ‘ವಿ ಟ್ರಾನ್ಸಿಟೆಡ್ ದ ಕೆನಾಲ್’, ಅಷ್ಟೇ.

2021ರ ಮಾರ್ಚ್ ತಿಂಗಳಲ್ಲಿ ಎವರ್ ಗಿವನ್ ಎಂಬ 400 ಮೀಟರ್ ಉದ್ದದ ಹಡಗು ಸೂಯೆಜ್‌ನಲ್ಲಿ ಅಡ್ಡಲಾಗಿ ಸಿಕ್ಕಿಹಾಕಿಕೊಂಡು, 23ರಿಂದ 29ರವರೆಗೆ ಆ ಕಾಲುವೆಯ ಸರಕು ಸಾಗಣೆಯನ್ನೇ ನಿಲ್ಲಿಸಿತ್ತು. ಆಗಿನ ಸುದ್ದಿಗಳನ್ನು ನೆನಪಿಸಿಕೊಳ್ಳಿ. ಹಡಗು ‘ಸ್ಟಕ್ ಇನ್ ದ ಕೆನಾಲ್’, ಆದರೆ ಮೂತಿ ಒಂದು ದಡಕ್ಕೂ ಬಾಲ ಇನ್ನೊಂದು ದಡಕ್ಕೂ ತಗಲಿದ್ದರಿಂದ ‘ವೆಜ್ಡ್ ಅಕ್ರಾಸ್ ದ ಕೆನಾಲ್’. ಒಂದೇ ಹಡಗು, ಒಂದೇ ಕಾಲುವೆ, ಎರಡು ಪದ. ಇನ್ ಎಂದಾಗ ಕಾಲುವೆ ಒಂದು ತೊಟ್ಟಿ, ಅಕ್ರಾಸ್ ಎಂದಾಗ ಎರಡು ದಡಗಳ ನಡುವಿನ ಅಗಲ. ಇಂಗ್ಲಿಷ್ ಕಡಲ್ಗಾಲುವೆಯ ವಿಷಯವೂ ಹೀಗೆಯೇ. ಈಜುಗಾರರು ಅದನ್ನು ದಾಟುವುದು ಅಕ್ರಾಸ್, 1994ರಲ್ಲಿ ತೆರೆದ ರೈಲು ಸುರಂಗ ಅಂಡರ್, ನಮ್ಮಂಥ ಹಡಗುಗಳು ಹಾದುಹೋಗುವುದು ಥ್ರೂ.

ದುರ್ಗದ ತಪ್ಪಲು (ತುಮಕೂರು):
ಹಡಗಿನಲ್ಲಿರುವುದಕ್ಕೆ ‘ಆ್ಯಟ್ ಸೀ’ ಎನ್ನುತ್ತಾರಲ್ಲ, ಅಲ್ಲಿ ‘ದ’ ಎಲ್ಲಿ ಹೋಯಿತು?

ಹಡಗಿನ ತಿಪಟೂರಿಗ:
ಸಮುದ್ರಯಾನದಲ್ಲಿದ್ದೇನೆ ಎನ್ನುವಾಗ ‘ದ’ ಬರುವುದಿಲ್ಲ. ಶಾಲೆಯಲ್ಲಿ ಕಲಿಯುವವನು ‘ಆ್ಯಟ್ ಸ್ಕೂಲ್’ ಎನ್ನುವಂತೆ ಅದು ಒಂದು ಸ್ಥಿತಿ. ಬೀಚಿಗೆ ಬಂದು ಅಲೆ ನೋಡುತ್ತಾ ನಿಂತವರು ‘ಬೈ ದ ಸೀ’. ನೀರಿಗಿಳಿದವರು ‘ಇನ್ ದ ಸೀ’. ‘ಆಲ್ ಆ್ಯಟ್ ಸೀ’ ಎಂದರೆ ದಿಕ್ಕು ತೋಚದವನು ಎಂಬ ಅರ್ಥವೂ ಇದೆ. ಈ ಚರ್ಚೆಯನ್ನು ಓದುತ್ತಿರುವ ಸಿರಾದ ತಮ್ಮನಿಗೆ ಅದು ಹೊಂದಬಹುದು.

ಸಿರಾ ಸ್ಪರ್ಧಾರ್ಥಿ:
ಅಣ್ಣಾ, ನೀವು ನಡುಸಮುದ್ರದಲ್ಲಿ ಕುಳಿತು ನನ್ನನ್ನು ನೋಡಿ ನಗಬೇಡಿ.

ಪಿನಾಕಿನಿ ಮೇಷ್ಟ್ರು (ಗೌರಿಬಿದನೂರು):
‘ದ’ ಬಗ್ಗೆಯೂ ಒಂದು ಮಾತು ಹೇಳಿಬಿಡಿ. ನಮ್ಮ ಬರಹದಲ್ಲಿ ಕೆಲವೆಡೆ ‘ರಿವರ್ ಚಿತ್ರಾವತಿ’, ಕೆಲವೆಡೆ ‘ಚಿತ್ರಾವತಿ ರಿವರ್’, ಕೆಲವೆಡೆ ‘ದ ಚಿತ್ರಾವತಿ’ ಎಂದಿದೆ.

ಇಂಗ್ಲಿಷ್ ಮೇಡಂ (ಚಿಂತಾಮಣಿ):
ಮೂರಕ್ಕೂ ‘ದ’ ಬೇಕು. ಬ್ರಿಟಿಷರು ‘ದ ರಿವರ್ ಥೇಮ್ಸ್’ ಎಂದು ರಿವರ್ ಪದವನ್ನು ಹೆಸರಿಗಿಂತ ಮೊದಲು ಇಡುತ್ತಾರೆ, ಅಮೆರಿಕದವರು ‘ದ ಮಿಸಿಸಿಪಿ ರಿವರ್’ ಎಂದು ಹೆಸರಾದ ಮೇಲೆ ಇಡುತ್ತಾರೆ. ಭಾರತದಲ್ಲಿ ಎರಡೂ ಓಡುತ್ತವೆ, ಜೊತೆಗೆ ‘ದ’ ಇಲ್ಲದ ‘ರಿವರ್ ಕಾವೇರಿ’ಯೂ ಧಾರಾಳವಾಗಿ ಓಡುತ್ತದೆ. ನನ್ನ ಮಟ್ಟಿಗೆ ‘ದ ಚಿತ್ರಾವತಿ’ ಸಾಕು, ಹೆಸರು ಗೊತ್ತಿಲ್ಲದವರಿಗಾಗಿ ಮೊದಲ ಸಲ ಮಾತ್ರ ರಿವರ್ ಸೇರಿಸಿ. ನದಿ, ಕಾಲುವೆ, ಸಮುದ್ರಗಳಿಗೆ ‘ದ’ ಬರುತ್ತದೆ. ಒಂಟಿ ಸರೋವರಕ್ಕೆ ಬರುವುದಿಲ್ಲ. ‘ಆನ್ ಲೇಕ್ ವಿಕ್ಟೋರಿಯಾ’ ಎನ್ನುತ್ತಾರೆ, ‘ಆನ್ ದ ಲೇಕ್ ವಿಕ್ಟೋರಿಯಾ’ ಎನ್ನುವುದಿಲ್ಲ. ಶ್ರೀನಗರದ ದೋಣಿಮನೆಗಳು ‘ಆನ್ ದಲ್ ಲೇಕ್’. ಸರೋವರಗಳ ಗುಂಪಾದರೆ ಮತ್ತೆ ‘ದ ಗ್ರೇಟ್ ಲೇಕ್ಸ್’.

ಬೇತಮಂಗಲದ ಬಾಬು:
ನಮ್ಮದು ಲೇಕ್ ಅಲ್ಲ, ಟ್ಯಾಂಕ್. ಪಾಲಾರ್ ನದಿಗೆ ಕಟ್ಟಿದ ಬೇತಮಂಗಲದ ಕೆರೆಯಿಂದಲೇ ಕೆಜಿಎಫ್‌ನ ಗಣಿ ಊರಿಗೆ ಕುಡಿಯುವ ನೀರು ಹೋಗುತ್ತಿತ್ತು. ಗಣಿಯಲ್ಲಿ ಕೆಲಸ ಮಾಡಿದ ಆಂಗ್ಲೋ ಇಂಡಿಯನ್ ಹಿರಿಯರೊಬ್ಬರು ನಮ್ಮ ಮನೆಯ ಹತ್ತಿರವಿದ್ದರು. ಸಂಜೆ ಏರಿಯ ಮೇಲೆ ನಡೆಯಲು ಹೊರಟರೆ ‘ಆನ್ ದ ಬಂಡ್’ ಎನ್ನುತ್ತಿದ್ದರು. ನಾವು ‘ಆನ್ ದ ಟ್ಯಾಂಕ್’ ಎಂದರೆ, ‘ಕೆರೆಯ ಮೇಲೆ ನಡೆದವನು ಏಸುಸ್ವಾಮಿ ಒಬ್ಬನೇ’ ಎಂದು ಗದರುತ್ತಿದ್ದರು. ಏರಿಗೆ ಆನ್, ಕೆರೆಯ ನೀರಿಗೆ ಇನ್, ಕೆರೆಯ ಹತ್ತಿರಕ್ಕೆ ಬೈ ಅಥವಾ ಆ್ಯಟ್. ನಾನು ಕಲಿತ ವ್ಯಾಕರಣ ಇಷ್ಟೇ, ಇವತ್ತಿಗೂ ಕೈಕೊಟ್ಟಿಲ್ಲ.

ಮಧುಗಿರಿ ಓದುಗ:
ಆ ಹಿರಿಯರು ಹೇಳಿದ್ದು ಊರಿಗಂತೂ ಅನ್ವಯಿಸುವುದಿಲ್ಲ. ಜಿನೀವಾ ನಗರ ‘ಆನ್ ಲೇಕ್ ಜಿನೀವಾ’. ಸರೋವರದ ಅಂಚಿಗೆ ತಾಗಿದ ಊರಿಗೂ ಆನ್ ಬರುತ್ತದೆ. ಹಾಗೆ ನೋಡಿದರೆ ತುಮಕೂರು ಯಾವ ನದಿಯ ಮೇಲೂ ಇಲ್ಲ, ಬೇಕಿದ್ದರೆ ಅಮಾನಿಕೆರೆಯ ಆನ್ ಎನ್ನಬಹುದು.

ದುರ್ಗದ ತಪ್ಪಲು (ತುಮಕೂರು):
ಬೇಡಪ್ಪ! ಕೆರೆಯ ‘ಆನ್’ ಎಂದು ಬರೆದರೆ ಒತ್ತುವರಿ ತೆರವಿನ ನೋಟಿಸು ಬಂದೀತು. ‘ಎ ಹೌಸ್ ಆನ್ ದ ಕೆನಾಲ್’ ಎಂದರೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಕಾಲುವೆಗೆ ಮುಖಮಾಡಿದ ಅಂದದ ಮನೆ. ‘ಎ ಹೌಸ್ ಆನ್ ದ ರಾಜಕಾಲುವೆ’ ಎಂದರೆ ನಮ್ಮಲ್ಲಿ ಅಕ್ಷರಶಃ ಮೇಲೆಯೇ ಕಟ್ಟಿದ್ದು.

ನಿವೃತ್ತ ಇಂಜಿನಿಯರ್ (ಕುಣಿಗಲ್):
ಈ ಒಂದು ವಾಕ್ಯಕ್ಕಾಗಿಯೇ ಸರ್ವೆ ವರದಿಗಳಲ್ಲಿ ‘ಅಡ್ಜಾಯ್ನಿಂಗ್’ ಮತ್ತು ‘ಎನ್‌ಕ್ರೋಚಿಂಗ್ ಅಪಾನ್’ ಎಂದು ಬಿಡಿಸಿ ಬರೆಯುತ್ತಿದ್ದೆವು. ಪಕ್ಕದಲ್ಲಿದ್ದದ್ದು ಯಾವುದು, ಮೇಲೆ ಹತ್ತಿ ಕುಳಿತದ್ದು ಯಾವುದು ಎಂದು ನ್ಯಾಯಾಲಯ ಕೇಳಿದರೆ ಆನ್ ಎಂಬ ಪದ ಕಾಪಾಡುವುದಿಲ್ಲ.

ಪಿನಾಕಿನಿ ಮೇಷ್ಟ್ರು (ಗೌರಿಬಿದನೂರು):
ಕೊನೆಯದಾಗಿ ಒಂದು. ಕೋಲಾರದ ಫಲಕದಲ್ಲಿ ಕೆ.ಸಿ. ವ್ಯಾಲಿ ಯೋಜನೆಯನ್ನೂ ಸೇರಿಸಿದ್ದೇವೆ. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿರುವುದನ್ನು ‘ಪಂಪ್ಡ್ ಟು ದ ಟ್ಯಾಂಕ್ಸ್’ ಎನ್ನಬೇಕೋ ‘ಇನ್‌ಟು’ ಎನ್ನಬೇಕೋ? ಹಾಗೆಯೇ ‘ಕೋಲಾರ ಪಾಲಾರ್ ಕೊಳ್ಳದಲ್ಲಿದೆ’ ಎನ್ನುವುದಕ್ಕೂ ಆನ್ ನಡೆಯುತ್ತದೆಯೇ?

ಇಂಗ್ಲಿಷ್ ಮೇಡಂ (ಚಿಂತಾಮಣಿ):
ಎಲ್ಲಿಂದ ಎಲ್ಲಿಗೆ ಎಂಬ ದಾರಿಯನ್ನು ಹೇಳುವಾಗ ‘ಫ್ರಮ್ ಬೆಂಗಳೂರು ಟು ಕೋಲಾರ’, ಕೆರೆಯೊಳಕ್ಕೆ ಬಿಟ್ಟದ್ದನ್ನು ಹೇಳುವಾಗ ‘ಇನ್‌ಟು ದ ಟ್ಯಾಂಕ್ಸ್’. ಕೊಳ್ಳಕ್ಕೆ ಆನ್ ನಡೆಯುವುದಿಲ್ಲ. ಕೊಳ್ಳ ಗೆರೆಯಲ್ಲ, ಸುತ್ತಲಿನ ಮಳೆನೀರೆಲ್ಲ ಇಳಿದುಬರುವ ಇಡೀ ಪ್ರದೇಶ. ಅದರೊಳಗೆ ಊರು ಇರುತ್ತದೆ, ಆದ್ದರಿಂದ ‘ಇನ್ ದ ಪಾಲಾರ್ ಬೇಸಿನ್’. ಕುಣಿಗಲ್ ಕಾವೇರಿಯ ಆನ್ ಅಲ್ಲ, ಆದರೆ ಕಾವೇರಿ ಕೊಳ್ಳದ ಇನ್. ನಿಮ್ಮ ವಿದ್ಯಾರ್ಥಿನಿ ಬರೆದ ‘ಇನ್’ ಪದಕ್ಕೆ ಇಲ್ಲಿ ಜಾಗ ಸಿಕ್ಕಿತು ನೋಡಿ. ಗೌರಿಬಿದನೂರು ಆನ್ ದ ಉತ್ತರ ಪಿನಾಕಿನಿ, ಇನ್ ದ ಪೆನ್ನಾರ್ ಬೇಸಿನ್.

ನಿವೃತ್ತ ಇಂಜಿನಿಯರ್ (ಕುಣಿಗಲ್):
ಉತ್ತರ ಪಿನಾಕಿನಿಯೂ ಪೆನ್ನಾರ್ ನದಿಯೂ ಒಂದೇ ಎಂಬುದನ್ನು ಫಲಕದ ಕೆಳಗೆ ಒಂದು ಸಾಲಿನಲ್ಲಿ ಬರೆಸಿಬಿಡಿ ಮೇಷ್ಟ್ರೇ. ಇಲ್ಲದಿದ್ದರೆ ಎಸ್‌ಡಿಎಂಸಿಯವರು ಮತ್ತೆ ಬರುತ್ತಾರೆ.